ಡಮ್ ಡಮ್‌ನಲ್ಲಿ ಒಂದು ತಲೆ ಕಡಿಮೆ

ಬೆಳಿಗ್ಗೆ ಹತ್ತು ಗಂಟೆ ಮೂವತ್ತೆಂಟು ನಿಮಿಷದಿಂದ ಹತ್ತು ಗಂಟೆ ಐವತ್ತಾರು ನಿಮಿಷದವರೆಗೆ ನಾನು ವಿಮಾನದ ಬಾಲದ ಕಡೆಯ ಎಡಬಾಗಿಲಿನ ಸಣ್ಣ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದೆ. ಬಲಕ್ಕೆ ಊಟದ ತಳ್ಳುಗಾಡಿಗಳನ್ನು ಇಡುವ ಗೂಡು, ಬೆನ್ನ ಹಿಂದೆ ನೀಲಿ ಪರದೆ. ವಿಮಾನ ಕೋಲ್ಕತ್ತದ ಡಮ್ ಡಮ್ ನಿಲ್ದಾಣದಲ್ಲಿ, ಕಟ್ಟಡದಿಂದ ದೂರ, ಬಯಲಲ್ಲಿ ನಿಂತಿತ್ತು. ಆ ಹದಿನೆಂಟು ನಿಮಿಷ ನಾನು ಇರಬೇಕಾಗಿದ್ದ ಜಾಗ ನಲವತ್ತೊಂದನೆಯ ಸಾಲಿನ ಸಿ ಸೀಟು.

ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬರುವುದೆಲ್ಲ ಇದರಿಂದಲೇ ಬಂದದ್ದು. ನಾನು ಹುಬ್ಬಳ್ಳಿಯವನು. ರೈಲ್ವೆ ಸೇರಿ ಹೌರಾ ಕಡೆಯ ಡೀಸೆಲ್ ಶೆಡ್ಡಿನಲ್ಲಿ ಮೂವತ್ತು ವರ್ಷ ಎಂಜಿನ್ನುಗಳಿಗೆ ಎಣ್ಣೆ ತುಂಬಿಸುವ ಉಸ್ತುವಾರಿ ನೋಡಿಕೊಂಡು, ನಿವೃತ್ತನಾಗಿ, ಲೇಕ್ ಮಾರ್ಕೆಟ್ ಹತ್ತಿರದ ಬಾಡಿಗೆ ಮನೆಯಲ್ಲಿ ಹೆಂಡತಿ ಗಿರಿಜಾಳ ಜೊತೆ ಇದ್ದೇನೆ. ಸಮಯ ಬರೆದಿಡುವ ಚಟ ಶೆಡ್ಡಿನಲ್ಲಿ ಹತ್ತಿದ್ದು. ಇನ್ನೂ ಬಿಟ್ಟಿಲ್ಲ. ಅಂಗಿಯ ಜೇಬಿನಲ್ಲಿ ಸಣ್ಣ ಡೈರಿ ಯಾವಾಗಲೂ ಇರುತ್ತದೆ. ಗಿರಿಜಾ ಅದನ್ನು ನನ್ನ ಎರಡನೆಯ ಸಂಸಾರ ಎನ್ನುತ್ತಾಳೆ.

ವ್ಯಾಂಕೂವರ್

ನಾವು ಹೋಗಿದ್ದು ಕೆನಡಾಕ್ಕೆ. ನನ್ನ ಅಕ್ಕ ಅಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು, ಈಗ ವಿಶ್ರಾಂತಿಯಲ್ಲಿದ್ದಾಳೆ. ಆರು ವಾರ ಇದ್ದೆವು. ನೋಡಬೇಕಾದ ಪರ್ವತ, ಸೇತುವೆ ಎಲ್ಲ ನೋಡಿದೆವು. ಅವುಗಳ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅಲ್ಲಿಯ ಸಿಟಿ ಬಸ್ಸು. ಇಳಿಯುವ ಪ್ರತಿಯೊಬ್ಬನೂ ಹಿಂದಿನ ಬಾಗಿಲಿನಿಂದ ಚಾಲಕನಿಗೆ ಕೇಳಿಸುವ ಹಾಗೆ ಕೂಗಿ ಥ್ಯಾಂಕ್ಯೂ ಹೇಳುತ್ತಾನೆ. ಶಾಲೆಯ ಮಕ್ಕಳು ಹೇಳುತ್ತಾರೆ, ಕುಡಿದವರೂ ಹೇಳುತ್ತಾರೆ. ನಮ್ಮ ಕೋಲ್ಕತ್ತದ ಮಿನಿ ಬಸ್ಸಿನಲ್ಲಿ ಕೂಗುವುದು ಕಂಡಕ್ಟರ್ ಮಾತ್ರ. ಹೆಂಗಸರು ಇಳಿಯುತ್ತಿದ್ದರೆ "ಆಸ್ತೆ ಲೇಡೀಸ್!" ಎಂದು ಕೂಗಿ ಬಸ್ಸಿನ ತಗಡು ಬಡಿಯುತ್ತಾನೆ. ಚಾಲಕ ನಿಧಾನ ಮಾಡುತ್ತಾನೆ, ನಿಲ್ಲಿಸುವುದಿಲ್ಲ.

ಒಂದು ಸಂಜೆ ನಾನು ಥ್ಯಾಂಕ್ಯೂ ಹೇಳಲು ಮರೆತು ಇಳಿದೆ. ನೆನಪಾಗಿ ತಿರುಗಿ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದೆ. ಚಾಲಕ ಕನ್ನಡಿಯಲ್ಲಿ ನೋಡಿ, ನನ್ನದೇನೋ ಸಾಮಾನು ಉಳಿದಿದೆ ಎಂದುಕೊಂಡು ಬಸ್ಸು ನಿಲ್ಲಿಸಿದ. ನಾನು ಏದುಸಿರು ಬಿಡುತ್ತ ಥ್ಯಾಂಕ್ಯೂ ಎಂದೆ. ಅವನು ಸಾರಿ ಎಂದ. ಯಾಕೆಂದು ಇಂದಿಗೂ ತಿಳಿದಿಲ್ಲ.

"ಬಸ್ಸಿನ್ಯಾಗ ಇಷ್ಟೂ ಮಂದಿ ತಡಾ ಆತು ನಿಮ್ಮಿಂದ," ಎಂದಳು ಗಿರಿಜಾ. ಈ ಮಾತನ್ನು ನಾನು ಆ ದಿನ ಡೈರಿಯಲ್ಲಿ ಬರೆಯಲಿಲ್ಲ. ಬರೆದಿದ್ದರೆ ಮುಂದೆ ಎಚ್ಚರ ಇರುತ್ತಿತ್ತೇನೋ.

ಸಾಗರದ ಮೇಲೆ

ವಾಪಸು ಬರುವ ವಿಮಾನ ವ್ಯಾಂಕೂವರಿನಿಂದ ನೇರ ದಿಲ್ಲಿಗೆ. ದಿಲ್ಲಿಯಿಂದ ಇನ್ನೊಂದರಲ್ಲಿ ಕೋಲ್ಕತ್ತಕ್ಕೆ. ನಮ್ಮ ಸಾಲಿನ ಕಿಟಕಿ ಪಕ್ಕ ಒಬ್ಬ ಬಂಗಾಳಿ ಯುವಕ ಇದ್ದ. ಹೆಸರು ಅರಿಂದಮ್. ಆದರೆ ಮನೆಯಲ್ಲಿ ಕರೆಯುವ ಹೆಸರು ಬಾಬಲು, ಅದನ್ನೇ ಕರೆಯಿರಿ ಎಂದ. ಮಧ್ಯದಲ್ಲಿ ಗಿರಿಜಾ, ಅಂಚಿಗೆ ನಾನು. ನನ್ನನ್ನು ಕಾಕು ಎಂದೂ ಅವಳನ್ನು ಕಾಕಿಮಾ ಎಂದೂ, ಅಂದರೆ ಚಿಕ್ಕಪ್ಪ, ಚಿಕ್ಕಮ್ಮ ಎಂದು ಕರೆದ. ಅವನು ಬಂಗಾಳಿಯಲ್ಲಿ ಆಡಿದ್ದನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಾಬಲು ಪ್ರವಾಸಿ ಹಡಗೊಂದರಲ್ಲಿ ಅಡಿಗೆಯವನು. ದಿನಕ್ಕೆ ಮೂರು ಹೊತ್ತು ಸಾವಿರಾರು ಜನಕ್ಕೆ ಬಡಿಸುವ ಅಡಿಗೆಮನೆ ಅದು. ಗಿರಿಜಾ ಡಬ್ಬಿ ತೆಗೆದು ಶೇಂಗಾ ಚಟ್ನಿ ಕೊಟ್ಟಳು. ಅವನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿ, "ಬೆಳ್ಳುಳ್ಳಿ ಹಸಿಯದು, ಶೇಂಗಾ ಕೆಂಪಗಾಗುವವರೆಗೆ ಹುರಿದಿದ್ದೀರಿ, ಕಾಕಿಮಾ," ಎಂದ. ಆ ಕ್ಷಣದಿಂದ ಅವಳಿಗೆ ಅವನು ಮಗನಾದ. ನಾನು ಅದೇ ಚಟ್ನಿಯನ್ನು ಮೂವತ್ತೈದು ವರ್ಷದಿಂದ ತಿನ್ನುತ್ತಿದ್ದೇನೆ, ಬೆಳ್ಳುಳ್ಳಿ ಹಸಿಯದೋ ಅಲ್ಲವೋ ಗಮನಿಸಿಲ್ಲ.

ಅವನು ಊರಿಗೆ ಹೊರಟಿದ್ದುದು ತಂಗಿಯ ಮಗುವಿನ ಮುಖೆ ಭಾತ್‌ಗೆ. ಮಗುವಿನ ಬಾಯಿಗೆ ಮೊದಲ ಅನ್ನ ಇಡುವ ದಿನ. ನಮ್ಮಲ್ಲೂ ಅನ್ನಪ್ರಾಶನ ಇದೆ. ಆದರೆ ಬಂಗಾಳಿಗಳಲ್ಲಿ ಆ ಮೊದಲ ತುತ್ತು ಇಡುವವನು ಮಗುವಿನ ಮಾಮಾ, ಅಂದರೆ ಸೋದರಮಾವ. ಅಪ್ಪ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾನೆ. ನಮ್ಮ ಕಡೆ ಕಿವಿ ಚುಚ್ಚುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ನಮ್ಮವರು ಮಾವನ ತೊಡೆಯ ಮೇಲೆ ಮಗುವನ್ನು ಅಳಿಸುತ್ತಾರೆ, ಇವರು ಉಣಿಸುತ್ತಾರೆ. ವ್ಯತ್ಯಾಸ ಅಷ್ಟೇ.

"ಮಿಠುವಿನ ಮದುವೆಗೆ ನಾನು ಇರಲಿಲ್ಲ, ಕಾಕು," ಎಂದ ಬಾಬಲು. ಮಿಠು ಅವನ ತಂಗಿ. "ಹಡಗು ಅಲಾಸ್ಕಾದ ಹತ್ತಿರ ಇತ್ತು. ಫೋನಿನಲ್ಲೇ ಆಶೀರ್ವಾದ ಮಾಡಿದೆ. ಈ ಸಲ ಬರದಿದ್ದರೆ ಚಿಕ್ಕಪ್ಪನ ಮಗ ಗೋರಾನನ್ನು ಮಾಮಾ ಅಂತ ಕೂರಿಸುತ್ತೇನೆ ಎಂದಿದ್ದಾಳೆ. ಗೋರಾನನ್ನು!"

"ಗೋರಾ ಯಾರಪಾ, ಅಷ್ಟು ಕೆಟ್ಟವನೇನು?" ಎಂದು ಗಿರಿಜಾ ಕೇಳಿದಳು. ಅವಳ ಬಂಗಾಳಿಯಲ್ಲಿ ಧಾರವಾಡ ಯಾವಾಗಲೂ ಮುಂದೆ ನಿಂತಿರುತ್ತದೆ.

"ಒಳ್ಳೆಯವನೇ, ಕಾಕಿಮಾ. ಅದೇ ತೊಂದರೆ. ಮದುವೆಯಲ್ಲೂ ನನ್ನ ಜಾಗದಲ್ಲಿ ಅವನೇ ನಿಂತಿದ್ದ. ಎಲ್ಲ ಫೋಟೋದಲ್ಲೂ ಇದ್ದಾನೆ."

ಶುಭ ಮುಹೂರ್ತ ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಮುಗಿಯುತ್ತಿತ್ತು. ಬೆಳಿಗ್ಗೆ ಆರಕ್ಕೆ ದಿಲ್ಲಿ ತಲುಪಿ, ಎಂಟೂಕಾಲಿನ ವಿಮಾನ ಹಿಡಿದರೆ ಹತ್ತೂವರೆಗೆ ಕೋಲ್ಕತ್ತ. ಸಾಕಾಗುತ್ತಿತ್ತು. ಆದರೆ ವ್ಯಾಂಕೂವರಿನಲ್ಲೇ ರೆಕ್ಕೆಯ ಮೇಲಿನ ಹಿಮ ತೊಳೆಯುವುದರಲ್ಲಿ ಎರಡು ಗಂಟೆ ತಡವಾಯಿತು. ಮಾಮೂಲಿ ದಾರಿಯಲ್ಲಿ ಒಂದು ಕಡೆಯ ಆಕಾಶ ವಿಮಾನಗಳಿಗೆ ಮುಚ್ಚಿದ್ದರಿಂದ ಪೆಸಿಫಿಕ್ ದಾಟಿ ಜಪಾನಿನ ಪಕ್ಕದಿಂದ ಸುತ್ತಿ ಬರಬೇಕಾಯಿತು. ಜನವರಿಯಲ್ಲಿ ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುತ್ತದೆ. ನಾವು ಪೂರ್ವದಿಂದ ಪಶ್ಚಿಮಕ್ಕೆ ಹೊರಟಿದ್ದೆವು. ಎದುರಿನ ಪರದೆಯಲ್ಲಿ ವೇಗದ ಅಂಕಿ ಇಳಿಯುತ್ತ ಬಂದುದನ್ನು ನಾನು ಅರ್ಧ ಗಂಟೆಗೊಮ್ಮೆ ಬರೆದುಕೊಂಡೆ.

"ಏನ್ರೀ, ಗಾಳಿಗೂ ನೀವ ಜವಾಬ್ದಾರಿ ಅನ್ನೋಹಂಗ ಮುಖಾ ಮಾಡೀರಲ್ಲ," ಎಂದಳು ಗಿರಿಜಾ.

ಬೆಳಗಾದ ಮೇಲೆ ಕ್ಯಾಪ್ಟನ್ ಮಾತಾಡಿದರು. ಎದುರು ಗಾಳಿ ಅಂದಾಜಿಗಿಂತ ಜೋರಾಗಿದೆ, ದಿಲ್ಲಿಯಲ್ಲಿ ಮಂಜು ಕವಿದಿದೆ, ಆದ್ದರಿಂದ ಇಂಧನಕ್ಕಾಗಿ ಕೋಲ್ಕತ್ತದಲ್ಲಿ ಇಳಿಯುತ್ತೇವೆ.

ಇಡೀ ವಿಮಾನ ನಿಟ್ಟುಸಿರು ಬಿಟ್ಟಿತು. ಮುಂದಿನ ಸಾಲಿನವರೊಬ್ಬರು, ಹೊರಡುವಾಗಲೇ ಪೂರ್ತಿ ತುಂಬಿಸಿಕೊಳ್ಳಲು ಇವರಿಗೇನು ಧಾಡಿ ಎಂದರು. ಬಾಬಲುವೂ ನನ್ನ ಕಡೆ ತಿರುಗಿ ಅದನ್ನೇ ಕೇಳಿದ. ಈ ಪ್ರಶ್ನೆಗೆ ನಾನು ಮೂವತ್ತು ವರ್ಷದಿಂದ ಕಾದಿದ್ದೆ. ಎಣ್ಣೆಗೂ ತೂಕವಿದೆ, ಎಣ್ಣೆಯನ್ನು ಹೊರಲು ಎಣ್ಣೆ ಬೇಕು, ಒಂದು ಮಿತಿ ದಾಟಿದರೆ ಹೆಚ್ಚಿಗೆ ತುಂಬಿಸಿದ್ದರಲ್ಲಿ ಒಂದು ಪಾಲು ಅದನ್ನು ಹೊರುವುದಕ್ಕೇ ಉರಿಯುತ್ತದೆ ಎಂದು ನಿಧಾನವಾಗಿ ವಿವರಿಸಿದೆ.

"ನಿಮ್ಮ ಅಕ್ಕ ಊರಿಗೆ ಹೋಗುವಾಗ ಬುತ್ತಿ ಕಟ್ಟಿದಂಗ," ಎಂದಳು ಗಿರಿಜಾ. "ಬುತ್ತಿ ಹೊತ್ತು ಹೊತ್ತು ಹಸಿವಾಗೂದು, ಹಸಿವಾತು ಅಂತ ಬುತ್ತಿ ಬಿಚ್ಚೂದು."

ಇದಕ್ಕಿಂತ ಚೆನ್ನಾಗಿ ನಾನು ಹೇಳಿರಲಿಲ್ಲ. ಎಣ್ಣೆ ಮುಗಿದಿರಲಿಲ್ಲ ಎಂಬುದನ್ನೂ ಸೇರಿಸಿದೆ. ದಿಲ್ಲಿಗೆ ಹೋಗಿ, ಮಂಜಿನಿಂದ ಇಳಿಯಲಾಗದೆ ಸುತ್ತು ಹೊಡೆದು, ಬೇರೊಂದು ಊರಿಗೆ ಹೋದರೂ ಟ್ಯಾಂಕಿನಲ್ಲಿ ಇಷ್ಟು ಉಳಿಯಲೇಬೇಕು ಎಂಬ ಗೆರೆ ಇರುತ್ತದೆ. ಆ ಗೆರೆಯನ್ನು ಮುಟ್ಟುವ ಮೊದಲೇ ಇಳಿಯುವವನು ಒಳ್ಳೆಯ ಚಾಲಕ.

ಬಾಬಲು ಇದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. "ಕೋಲ್ಕತ್ತ," ಎಂದ. "ಕಾಕು, ಮಿಠುವಿನ ಮನೆ ಬಿರಾಟಿಯಲ್ಲಿದೆ. ವಿಮಾನ ನಿಲ್ದಾಣದ ಗೋಡೆಯಿಂದ ನಾಲ್ಕು ಕಿಲೋಮೀಟರೂ ಇಲ್ಲ."

ಡಮ್ ಡಮ್

ವಿಮಾನ ನಿಂತದ್ದು ಒಂಬತ್ತು ಗಂಟೆ ನಲವತ್ತೆರಡಕ್ಕೆ. ಚಕ್ರ ನಿಂತ ಕೂಡಲೇ ಬಾಬಲು ಗಗನಸಖಿಯನ್ನು ಕರೆದು, ತನ್ನನ್ನು ಇಲ್ಲೇ ಇಳಿಸಿಬಿಡಿ, ನಡೆದು ಹೋಗುತ್ತೇನೆ ಎಂದ. ಆಕೆ ಸಭ್ಯ ಹೆಣ್ಣುಮಗಳು.

"ಸರ್, ಕಾಗದದ ಪ್ರಕಾರ ನೀವಿನ್ನೂ ಭಾರತಕ್ಕೆ ಬಂದೇ ಇಲ್ಲ," ಎಂದಳು.

"ಅಲ್ಲಿ ಕಾಣುತ್ತಿರುವುದು ನನ್ನ ಊರು, ದಿದಿ."

"ಕಾಣುತ್ತಿದೆ, ಸರ್. ಆದರೆ ಬಂದಿಲ್ಲ."

ಆರು ವಾರ ಪರದೇಶದಲ್ಲಿ ಇದ್ದರೂ ಪರದೇಶ ಎಂದರೇನು ಎಂದು ನನಗೆ ತಿಳಿದದ್ದು ಆಗ. ಕಿಟಕಿಯ ಆಚೆ ನಾನು ಮೂವತ್ತೇಳು ವರ್ಷ ಬದುಕಿದ ಊರು. ನೀರಿನ ಟ್ಯಾಂಕುಗಳು, ತಾರಸಿಗಳು, ತೆಂಗಿನ ಮರಗಳು. ನೆಲದ ಮೇಲೆ ಓಡಾಡುತ್ತಿದ್ದವರು ಮಂಕಿ ಕ್ಯಾಪ್ ಹಾಕಿಕೊಂಡಿದ್ದರು. ಹಿಮದಲ್ಲಿ ಬರಿತಲೆಯಲ್ಲಿ ಓಡುವ ಕೆನಡಾದವರನ್ನು ನೋಡಿ ಬಂದ ನನಗೆ, ಬೆವರು ಬರುವಂಥ ಬಿಸಿಲಲ್ಲಿ ಕಿವಿ ಮುಚ್ಚಿಕೊಂಡ ಈ ಜನ ಮೊದಲ ಸಲ ವಿಚಿತ್ರವಾಗಿ ಕಂಡರು. ನನ್ನ ಚೀಲದಲ್ಲೂ ಅಂಥದೊಂದು ಟೋಪಿ ಇತ್ತು.

ಬಾಬಲು ಮನೆಗೆ ಫೋನು ಮಾಡಿದ. ಮಿಠು ತಾರಸಿಗೆ ಓಡಿ, ಮೈ ಒರೆಸುವ ಕೆಂಪು ಗಮ್ಛಾ ಬೀಸುತ್ತಿದ್ದೇನೆ, ಕಾಣುತ್ತಿದೆಯಾ ಎಂದು ಕೂಗಿದಳು. ಅವಳ ಧ್ವನಿ ನಮಗೂ ಕೇಳಿಸಿತು. ಬಾಬಲು ಕಿಟಕಿಗೆ ಮುಖವೊತ್ತಿ, "ಕಾಣ್ತಿದೆ, ಕಾಣ್ತಿದೆ," ಎಂದ. ನಾನೂ ನೋಡಿದೆ. ದೂರದಲ್ಲಿ ನೂರು ತಾರಸಿ, ನೂರು ಗಮ್ಛಾ ಒಣಗುತ್ತಿದ್ದವು.

ಕ್ಯಾಪ್ಟನ್ ಮತ್ತೆ ಮಾತಾಡಿದರು. ದಿಲ್ಲಿಯ ಮಂಜು ತಿಳಿಯಾಗುತ್ತಿದೆ. ಹನ್ನೊಂದು ಗಂಟೆಯೊಳಗೆ ಹೊರಡಬೇಕು. ಆಮೇಲೆ ತಮ್ಮ ಕೆಲಸದ ಅವಧಿ ಮುಗಿಯುತ್ತದೆ, ನಿಯಮದಂತೆ ತಾವು ವಿಮಾನ ಹಾರಿಸುವಂತಿಲ್ಲ.

ಇದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಗೂಡ್ಸ್ ಗಾಡಿಯ ಡ್ರೈವರ್ ಅವಧಿ ಮುಗಿಯಿತೆಂದು ಗಾಡಿಯನ್ನು ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲಿಸಿ, ಪೆಟ್ಟಿಗೆ ಹಿಡಿದು ಇಳಿದುಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. "ಹನ್ನೊಂದು ದಾಟಿದರೆ ಎಲ್ಲರನ್ನೂ ಇಲ್ಲೇ ಇಳಿಸುತ್ತಾರೆ," ಎಂದು ಬಾಬಲುವಿಗೆ ಹೇಳಿದೆ. ಹೇಳಬಾರದಿತ್ತು. ಅವನ ಕಣ್ಣಿನಲ್ಲಿ ಆಸೆ ಹುಟ್ಟಿತು. ಆಸೆ ಹುಟ್ಟಿಸಿದ್ದು ನಾನು.

ಸುತ್ತಲಿನವರು ಕೋಲ್ಕತ್ತವನ್ನು ಬಯ್ಯತೊಡಗಿದ್ದರು. ಇಲ್ಲಿ ಎಣ್ಣೆ ಲಾರಿ ಚಹಾ ಕುಡಿದು ಬರುತ್ತದೆ, ಮಧ್ಯದಲ್ಲಿ ಒಂದು ಮೆರವಣಿಗೆ ಇರುತ್ತದೆ, ಸಂಜೆಯ ಮೊದಲು ಹೊರಟರೆ ಪುಣ್ಯ ಎಂದರು. ಬಾಬಲು ಬೇರೆ ದಿನವಾಗಿದ್ದರೆ ಅಂಥ ಮಾತಿಗೆ ಜಗಳಕ್ಕೆ ನಿಲ್ಲುವ ಹುಡುಗ. ಅಂದು ಒಂದೊಂದು ಬೈಗುಳಕ್ಕೂ ಭಕ್ತಿಯಿಂದ ತಲೆಯಾಡಿಸಿದ.

ಎಣ್ಣೆ ಲಾರಿ ಹತ್ತು ಗಂಟೆ ಒಂಬತ್ತಕ್ಕೆ ಬಂತು. ಮಂಕಿ ಕ್ಯಾಪಿನ ಇಬ್ಬರು ಇಳಿದು, ಒಂದು ಮಾತೂ ಆಡದೆ ಏಣಿ ಇಟ್ಟರು, ಪೈಪು ಸೇರಿಸಿದರು. ಅಷ್ಟು ಚುರುಕಾಗಿ ಕೆಲಸ ಮಾಡುವವರನ್ನು ಆ ಊರಿನಲ್ಲಿ ನಾನು ಕಂಡಿರಲಿಲ್ಲ. ಚಹಾ ಕುಡಿಯಲಿಲ್ಲ. ಬೀಡಿಗೂ ಹೋಗಲಿಲ್ಲ.

"ಇವತ್ತೇ ಆಗಬೇಕಿತ್ತಾ?" ಎಂದ ಬಾಬಲು, ಅಳುವ ಧ್ವನಿಯಲ್ಲಿ.

ಹಿಂದಿನ ಬಾಗಿಲು

ಹತ್ತು ಮೂವತ್ತೇಳಕ್ಕೆ ತುಂಬಿಸುವುದು ಮುಗಿಯಿತು. ನನ್ನ ಸೀಟಿನಿಂದ ಪೈಪು ಕಾಣುತ್ತಿರಲಿಲ್ಲ. ಶೆಡ್ಡಿನಲ್ಲಿ, ಪೈಪು ಬಿಚ್ಚಿ ಟ್ಯಾಂಕಿನ ಬಾಯಿಗೆ ಮುಚ್ಚಳ ಬಿದ್ದದ್ದನ್ನು ಕಣ್ಣಾರೆ ನೋಡದೆ ನಾನು ಒಂದು ದಿನವೂ ಸಹಿ ಹಾಕಿದವನಲ್ಲ. ಎದ್ದು ನಿಂತೆ.

"ಎಲ್ಲಿಗ್ರೀ?"

"ಮುಚ್ಚಳ ಹಾಕಿದ್ರೋ ಇಲ್ಲೋ ನೋಡಿ ಬರ್ತೀನಿ."

"ನೀವು ರಿಟೈರ್ ಆಗಿ ಏಳು ವರ್ಷಾತು. ಆ ಮುಚ್ಚಳಕ್ಕ ಗೊತ್ತಿಲ್ಲೇನು?"

ಹೋಗಿ ನಿಂತೆ. ಎಲ್ಲಿ ಎಂದು ಮೊದಲೇ ಹೇಳಿದ್ದೇನೆ. ಹೊರಗೆ ಒಬ್ಬ ಪೈಪು ಸುತ್ತುತ್ತಿದ್ದ. ಇನ್ನೊಬ್ಬ ರೆಕ್ಕೆಯ ಕೆಳಗೆ ಬಗ್ಗಿದ್ದ, ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಏಳುವವರೆಗೆ ಕಾಯುವುದೆಂದು ನಿರ್ಧರಿಸಿದೆ. ಒಳಗೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಕೂರಬೇಕು, ತಲೆ ಎಣಿಸುತ್ತಿದ್ದೇವೆ ಎಂಬ ಪ್ರಕಟಣೆ ನನಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಲಾರೆ. ಮೂವತ್ತು ವರ್ಷ ಎಣಿಸುವವನಾಗಿಯೇ ಇದ್ದವನಿಗೆ, ತಾನೂ ಎಣಿಕೆಗೆ ಸೇರಿದ ಒಂದು ತಲೆ ಎಂಬುದು ಹೊಳೆಯಲೇ ಇಲ್ಲ.

ಮೊದಲ ಎಣಿಕೆಯಲ್ಲಿ ಒಂದು ತಲೆ ಕಡಿಮೆ ಬಂತು. ಶೌಚಾಲಯಗಳ ಬಾಗಿಲು ಬಡಿದರು. ಮತ್ತೆ ಎಣಿಸಿದರು. ಆ ಎರಡನೆಯ ಎಣಿಕೆಯಲ್ಲಿ ಪರದೆ ಸರಿಸಿದ ಗಗನಸಖಿ ನನ್ನನ್ನು ಕಂಡು, "ಅಂಕಲ್, ಇಲ್ಲೇನು ಮಾಡುತ್ತಿದ್ದೀರಿ?" ಎಂದಳು. ಅಷ್ಟರಲ್ಲಿ ಹೊರಗಿನ ಬೆನ್ನು ಎದ್ದಿತ್ತು, ಮುಚ್ಚಳ ಬಿದ್ದಿತ್ತು. ಹತ್ತು ಐವತ್ತಾರು. "ಸರಿಯಾಗಿದೆ," ಎಂದು ಅವಳಿಗೆ ಹೇಳಿ, ಡೈರಿಯಲ್ಲಿ ಬರೆದು, ಸೀಟಿಗೆ ಬಂದೆ. ನನ್ನನ್ನೂ ಸೇರಿಸಿ ಎಣಿಕೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಈಗ ಒಂದು ತಲೆ ಹೆಚ್ಚು ಬಂತು.

ಮೂರನೆಯ ಸಲ ಎಣಿಸಿದರು. ಸರಿಹೋದಾಗ ಹನ್ನೊಂದು ಗಂಟೆ ನಾಲ್ಕು ನಿಮಿಷ. ಹನ್ನೊಂದು ಒಂಬತ್ತಕ್ಕೆ ಕ್ಯಾಪ್ಟನ್ ಕ್ಷಮೆ ಕೇಳಿದರು. ಅವರ ಅವಧಿ ಮುಗಿದಿತ್ತು. ಎಲ್ಲರೂ ಕೋಲ್ಕತ್ತದಲ್ಲೇ ಇಳಿಯಬೇಕು, ದಿಲ್ಲಿಯವರನ್ನು ಸಂಜೆ ಬೇರೆ ವಿಮಾನದಲ್ಲಿ ಕಳಿಸುತ್ತಾರೆ.

ಮುಂದಿನ ಸಾಲಿನವರು ತಲೆ ಮೇಲೆ ಕೈಯಿಟ್ಟರು. ಅವರಿಗೆ ಮಧ್ಯಾಹ್ನ ದಿಲ್ಲಿಯಲ್ಲಿ ಏನೋ ಮುಖ್ಯ ಕೆಲಸವಿತ್ತು. "ಎಣಿಸಲೂ ಬರುವುದಿಲ್ಲ ಈ ಜನಕ್ಕೆ," ಎಂದರು. ಎದ್ದು ನಿಂತು ನಾನೇ ಎಂದು ಹೇಳಬೇಕೆನಿಸಿತು. ಗಿರಿಜಾ ನನ್ನ ಅಂಗಿಯ ಚುಂಗು ಹಿಡಿದು ಎಳೆದಳು. "ಸುಮ್ಮ ಕೂಡ್ರಿ. ನೀವು ಹೇಳಿದ್ರ ವಿಮಾನ ಹಾರೂದಿಲ್ಲ."

ಬಿರಾಟಿ

ಬಾಬಲು ನಮ್ಮನ್ನು ಬಿಡಲಿಲ್ಲ. ಸಾಮಾನು ಬರುವುದನ್ನೂ ಕಾಯಲು ಬಿಡಲಿಲ್ಲ. ನಾಳೆ ತಾನೇ ತಂದುಕೊಡುತ್ತೇನೆಂದು ಮುದ್ರೆ ಬಿದ್ದ ಪಾಸ್‌ಪೋರ್ಟುಗಳ ಸಮೇತ ನಮ್ಮಿಬ್ಬರನ್ನೂ ಟ್ಯಾಕ್ಸಿಗೆ ತುಂಬಿಸಿದ. ಹನ್ನೆರಡು ಗಂಟೆ ಆರು ನಿಮಿಷ. ದಾರಿಯಲ್ಲಿ ಲೆವೆಲ್ ಕ್ರಾಸಿಂಗ್ ಮುಚ್ಚಿತ್ತು. ಲೋಕಲ್ ರೈಲೊಂದು ಬಹಳ ಸಾವಕಾಶವಾಗಿ ಹೋಯಿತು. ಗಿರಿಜಾ ನನ್ನ ಕಡೆ ನೋಡಿದಳು, ಅದನ್ನೂ ನಾನೇ ಕಳಿಸಿದ ಹಾಗೆ.

ಹನ್ನೆರಡು ಮೂವತ್ತೊಂದಕ್ಕೆ ಮನೆ ಹೊಕ್ಕೆವು. ಚಂದನದ ಬೊಟ್ಟಿಟ್ಟು, ತಲೆಗೆ ಬೆಂಡಿನ ಪುಟ್ಟ ಕಿರೀಟ ಕಟ್ಟಿ, ಕೆಂಪು ರೇಷ್ಮೆ ಸುತ್ತಿದ ಏಳು ತಿಂಗಳ ಹೆಣ್ಣುಮಗು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಅದೇ ಗೋರಾ, ಮಣೆಯ ಮೇಲೆ ಕೂತಿದ್ದ. ಅವನ ಬೆರಳಲ್ಲಿ ಪಾಯಸದ ಅನ್ನವಿತ್ತು. ನಮ್ಮನ್ನು ನೋಡಿ ಅವನು ಕೈಯನ್ನು ಬಟ್ಟಲಿಗೆ ಇಳಿಸಿದ. "ಬಾ, ದಾದಾ. ಕಾಲು ಜೋಮು ಹಿಡಿದಿದೆ," ಎಂದು ಎದ್ದ. ಬಾಬಲು ಹೇಳಿದ್ದು ನಿಜ. ಒಳ್ಳೆಯವನು.

ಬಾಬಲು ಕೈ ತೊಳೆದು ಕೂತ. ಸಾವಿರಾರು ಜನಕ್ಕೆ ಬಡಿಸುವ ಕೈ, ಒಂದೇ ಅಗುಳನ್ನು ಆರಿಸಿ ಮುಂದೆ ಚಾಚಿತು. ಮಗು ಅದನ್ನು ಬಾಯಿಗೆ ತೆಗೆದುಕೊಂಡು, ಯೋಚಿಸಿ, ಅರ್ಧ ಉಗುಳಿತು. ಹೆಂಗಸರು ನಾಲಿಗೆ ಹೊರಳಿಸಿ ಉಲು ಹಾಕಿದರು, ಶಂಖ ಊದಿದರು. ಮಿಠು ಅಣ್ಣನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಗಮ್ಛಾ ಕಾಣಿಸಿತ್ತಾ, ನಿಜ ಹೇಳು," ಎಂದು ಅತ್ತಳು. ಹನ್ನೆರಡು ಮೂವತ್ತಾರು.

ಆ ಸಮಯ ಬರೆಯಲು ಡೈರಿ ತೆಗೆದೆ. ನನ್ನ ಪಕ್ಕಕ್ಕೆ ತಂದಿದ್ದ ಮಗು ಅದರ ಹಾಳೆಯನ್ನು ಹಿಡಿದುಕೊಂಡಿತು. ಬಿಡಿಸುವಷ್ಟರಲ್ಲಿ ಪಾಯಸ ಮೆತ್ತಿ ಎರಡು ಹಾಳೆ ಅಂಟಿಕೊಂಡವು. ವಿಮಾನದ ಹದಿನೆಂಟು ನಿಮಿಷ ಇದ್ದದ್ದು ಆ ಹಾಳೆಯಲ್ಲೇ. ಈಗ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಲೇಕ್ ಮಾರ್ಕೆಟ್

ಸಂಜೆ ಮಿನಿ ಬಸ್ಸಿನಲ್ಲಿ ಮನೆಗೆ ಬಂದೆವು. ಇಳಿಯುವಾಗ ಅಭ್ಯಾಸಬಲದಿಂದ ಥ್ಯಾಂಕ್ಯೂ ಎಂದು ಕೂಗಿದೆ. ಕಂಡಕ್ಟರ್ ಅನುಮಾನದಿಂದ ನನ್ನ ಟಿಕೆಟ್ ಕೇಳಿದ.

ಕರಿಬೇವು ಕೊಳ್ಳಲು ಅಂಗಡಿಯ ಮುಂದೆ ನಿಂತಾಗ ಗಿರಿಜಾಳನ್ನು ಕೇಳಿದೆ. ಮೊದಲ ಎಣಿಕೆಯಲ್ಲಿ ಒಂದು ಕಡಿಮೆ ಬಂದದ್ದು ನನ್ನಿಂದ, ಒಪ್ಪಿದೆ. ಎರಡನೆಯದರಲ್ಲಿ ಒಂದು ಹೆಚ್ಚು ಬಂದದ್ದು ಹೇಗೆ? ಬಸ್ಸಿನ ಉದ್ದಕ್ಕೂ ಇದೇ ಲೆಕ್ಕ ಹಾಕುತ್ತಿದ್ದೆ.

ಅವಳು ಕರಿಬೇವಿನ ಎಲೆ ತಿರುಗಿಸಿ ನೋಡುತ್ತಿದ್ದಳು. "ಮೊದಲನೇ ಸಲ ಎಣಿಸಿ ಹೋದ ಮ್ಯಾಲ ನಿಮ್ಮ ಸೀಟಿನ್ಯಾಗ ಎರಡು ದಿಂಬು ಇಟ್ಟು ಕಂಬಳಿ ಹೊದಿಸಿದ್ದೆ," ಎಂದಳು. "ಮಲಗ್ಯಾರ ಅಂತ ಎಣಿಸಿರಬೇಕು ಆ ಹುಡುಗಿ. ನೀವು ಬರೂದು ಕಂಡು ತಗದೆ."

"ಯಾಕ ಹೊದಿಸಿದಿ?"

"ಚಳಿ ಇತ್ತು."

"ದಿಂಬಿಗೆ?"

ಅವಳು ಅಂಗಡಿಯವನಿಗೆ ಕೊತ್ತಂಬರಿಯನ್ನೂ ಕಟ್ಟು ಎಂದಳು.

ಇದಾಗಿ ಎರಡು ವರ್ಷವಾಯಿತು. ಆ ದಿನ ದಿಲ್ಲಿಗೆ ತಡವಾಗಿ ಹೋದವರ ಮುಂದೆ, ಮುಖ್ಯವಾಗಿ ಮುಂದಿನ ಸಾಲಿನವರ ಮುಂದೆ, ನಾನು ಇಲ್ಲಿ ತಪ್ಪೊಪ್ಪಿಕೊಂಡಿದ್ದೇನೆ. ಕಂಬಳಿಯ ವಿಷಯಕ್ಕೆ ನಾನು ಸಾಕ್ಷಿಯಲ್ಲ, ನಾನು ಬಾಗಿಲ ಹತ್ತಿರ ಇದ್ದೆ. ನೋಡಿದವರು ಇಬ್ಬರಿದ್ದಾರೆ, ಇಬ್ಬರೂ ಆರೋಗ್ಯವಾಗಿದ್ದಾರೆ. ಒಬ್ಬ ಬಾಬಲು. ಈಗ ಮತ್ತೆ ಸಮುದ್ರದ ಮೇಲಿದ್ದಾನೆ, ಕೇಳಿದರೆ ಎರಡನೆಯ ದಿಂಬು ತನ್ನದು ಎನ್ನುತ್ತಾನೆ. ಇನ್ನೊಬ್ಬಳು ನಾನು ಇದನ್ನು ಬರೆಯುತ್ತಿರುವಾಗ ಒಳಗೆ ಶೇಂಗಾ ಹುರಿಯುತ್ತಿದ್ದಾಳೆ. ಈಗಷ್ಟೇ ಮತ್ತೊಮ್ಮೆ ಕೇಳಿದೆ. ಚಳಿ ಇತ್ತು ಎಂದಳು.